ನಿಮ್ಮ ಪ್ರಶ್ನೆ, ನಮ್ಮ ಉತ್ತರ: .22 ಕೈಬಂದೂಕು ಆತ್ಮರಕ್ಷಣೆಗೆ ಆದೀತೇ?

.22, ಅಂದರೆ ಸುಮಾರು 0.22 ಇಂಚು ಅಡ್ಡಳತೆಯ ಗುಂಡು ಹಾರಿಸುವ ರಿವಾಲ್ವರ್ ಮತ್ತು ಪಿಸ್ತೂಲುಗಳನ್ನು ಕುರಿತು ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನನಗೆ 67 ವರ್ಷ. ತೋಟದ ಮನೆಯಲ್ಲಿ ನಾವಿಬ್ಬರೇ. ಕೈಬಂದೂಕಿಗೆ ಲೈಸೆನ್ಸ್ ಸಿಕ್ಕಿದೆ. ಬೆರಳಿನ ಗಂಟುಗಳಲ್ಲಿ ನೋವಿರುವುದರಿಂದ ಹಗುರವಾದ .22 ರಿವಾಲ್ವರ್ ತೆಗೆದುಕೊಳ್ಳಿ ಎನ್ನುತ್ತಾರೆ ಅಂಗಡಿಯವರು. ‘ಅದು ಹಕ್ಕಿ ಹೊಡೆಯೋಕೆ ಸರಿ’ ಎಂದು ಸ್ನೇಹಿತರು ನಗುತ್ತಾರೆ. ಯಾರ ಮಾತು ಕೇಳಲಿ? (ಮೂಡಿಗೆರೆ)

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಮೊದಲು ಶಕ್ತಿಯ ಲೆಕ್ಕ ನೋಡೋಣ. .22 ಲಾಂಗ್ ರೈಫಲ್ ಕಾಡತೂಸಿನ ಸಾಮಾನ್ಯ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ ತೂಗುತ್ತದೆ. ರೈಫಲಿನ ಉದ್ದ ನಳಿಗೆಯಿಂದ ಸೆಕೆಂಡಿಗೆ ಸುಮಾರು 370 ಮೀಟರ್ ವೇಗದಲ್ಲಿ ಹೊರಡುವ ಈ ಗುಂಡು ಎರಡಿಂಚಿನ ನಳಿಗೆಯಿಂದ 270 ಮೀಟರ್ ಆಸುಪಾಸಿನಲ್ಲಿ ಹೊರಬೀಳುತ್ತದೆ. ಮದ್ದಿನ ಅನಿಲ ಗುಂಡನ್ನು ತಳ್ಳುವ ದಾರಿಯೇ ಗಿಡ್ಡ. ಕಾಡತೂಸು ತುಂಬುವ, ತಿರುಗುವ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಲ್ಲಿ ಇನ್ನಷ್ಟು ಅನಿಲ ಸೋರಿಹೋಗುತ್ತದೆ. ಹಾಗಾಗಿ ಉಳಿಯುವ ಶಕ್ತಿ ಸುಮಾರು 95 ಜೂಲ್. ನಮ್ಮ ಕಾರ್ಖಾನೆಗಳ .32 ರಿವಾಲ್ವರುಗಳಿಗೆ ಹಾಕುವ ಸ್ಮಿತ್ ಅಂಡ್ ವೆಸ್ಸನ್ ಲಾಂಗ್ ಕಾಡತೂಸಿನದು ಸುಮಾರು 150. ಪೊಲೀಸರ 9 ಎಂಎಂ ಪಿಸ್ತೂಲಿನದು 490ರ ಹತ್ತಿರ.

1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದ ನಂತರ ಅಮೆರಿಕದ ಎಫ್‌ಬಿಐ ಒಂದು ಅಳತೆ ಹಾಕಿಕೊಂಡಿತು: ಪರೀಕ್ಷೆಯ ಜಿಲೆಟಿನ್ ಗಟ್ಟಿಯಲ್ಲಿ ಗುಂಡು ಕನಿಷ್ಠ 12, ಗರಿಷ್ಠ 18 ಇಂಚು ಇಳಿಯಬೇಕು. ಗಿಡ್ಡ ನಳಿಗೆಯ .22 ಈ ಕೆಳಮಿತಿಯ ಅಂಚಿನಲ್ಲೇ ಓಲಾಡುತ್ತದೆ. ಗುಂಡು ತಾಗಿದ ಕೂಡಲೇ ಎದುರಿನವನು ನಿಲ್ಲುತ್ತಾನೆಂಬ ಭರವಸೆ ಇಲ್ಲ. ಆದರೆ ಅದೇ ಗಾಯದಿಂದ ಅವನು ಗಂಟೆಗಳ ಮೇಲೆ ಆಸ್ಪತ್ರೆಯಲ್ಲಿ ಸಾಯಬಹುದು. ನಿಲ್ಲಿಸುವುದರಲ್ಲಿ ದುರ್ಬಲ, ಕೊಲ್ಲುವುದರಲ್ಲಿ ಅಲ್ಲ: ಹಕ್ಕಿಯ ಮಾತಾಡಿ ನಗುವವರು ಮರೆಯುವುದು ಇದನ್ನೇ.

ಅಂಗಡಿಯವರು ಹೇಳದೆ ಬಿಟ್ಟದ್ದು ಟ್ರಿಗರ್ ವಿಷಯ. .22ರ ಒದೆತ ಕಡಿಮೆ, ನಿಜ. ಆದರೆ .22ರಂಥ ರಿಮ್‌ಫೈರ್ ಕಾಡತೂಸು ಹೊತ್ತಿಕೊಳ್ಳಬೇಕಾದರೆ ಹಿತ್ತಾಳೆಯ ಅಂಚನ್ನು ಜಜ್ಜಬೇಕು. ಅದಕ್ಕೆ ಹ್ಯಾಮರಿನ, ಅಂದರೆ ಬಡಿಯುವ ಸುತ್ತಿಗೆಯ, ಸ್ಪ್ರಿಂಗ್ ಬಿಗಿಯಾಗಿರಬೇಕು. ಹೀಗಾಗಿ ಚಿಕ್ಕ .22 ರಿವಾಲ್ವರಿನ ಟ್ರಿಗರ್ ಹೆಚ್ಚಾಗಿ ಅದೇ ಗಾತ್ರದ ಸೆಂಟರ್‌ಫೈರ್ (ಕಾಡತೂಸಿನ ತಳದ ನಡುವೆ ಬಡಿಯುವ) ರಿವಾಲ್ವರಿನದಕ್ಕಿಂತ ಗಟ್ಟಿ. ಐದು ಕಿಲೋ ದಾಟುವುದು ಅಪರೂಪವಲ್ಲ. ಬೆರಳು ನೋಯುವವರಿಗೆ ಒದೆತಕ್ಕಿಂತ ಇದೇ ದೊಡ್ಡ ತೊಡಕು.

ಆದ್ದರಿಂದ ಕೊಳ್ಳುವ ಮೊದಲು ಅಂಗಡಿಯಲ್ಲೇ ಪರೀಕ್ಷಿಸಿ. ಸಿಲಿಂಡರ್ ಖಾಲಿಯಿರುವುದನ್ನು ನೀವೂ ಅಂಗಡಿಯವರೂ ನೋಡಿ, ಡಮ್ಮಿ ಕಾಡತೂಸು ಹಾಕಿಸಿ, ಅವರು ತೋರಿಸಿದ ಸುರಕ್ಷಿತ ದಿಕ್ಕಿಗೆ ಹಿಡಿದು, ಹ್ಯಾಮರನ್ನು ಕೈಯಿಂದ ಎಳೆಯದೆ ಟ್ರಿಗರನ್ನಷ್ಟೇ ಎಂಟು ಸಲ ಒತ್ತಿ. ಆಮೇಲೆ ಇನ್ನೊಂದು ಕೈಯಲ್ಲೂ ಎಂಟು ಸಲ. ಆರನೆಯ ಸಲಕ್ಕೆ ಮುಂದಿನ ಗುರಿಕಡ್ಡಿ ಅಲುಗಾಡತೊಡಗಿದರೆ ಆ ರಿವಾಲ್ವರ್ ನಿಮ್ಮದಲ್ಲ. ಪಕ್ಕದಲ್ಲಿ .32 ಇಟ್ಟು ಅದನ್ನೂ ಹೀಗೇ ಒತ್ತಿ ನೋಡಿ. ಕಾನ್ಪುರದ ‘ನಿರ್ಭೀಕ್’ .32ರದ್ದು, ಇಷಾಪುರದ ‘ನಿಡರ್’ .22ರದ್ದು, ಎರಡನ್ನೂ ಕೈಯಲ್ಲಿ ಹಿಡಿಯದೆ ತೀರ್ಮಾನಿಸಬೇಡಿ. .32ನ್ನು ನಿಮ್ಮ ಕೈ ಆಳಬಲ್ಲದಾದರೆ ಅದನ್ನೇ ಕೊಳ್ಳಿ. ಆಗದಿದ್ದರೆ, ಟ್ರಿಗರ್ ಒಗ್ಗುವ .22 ಸಾಕು: ಐದು ಗುಂಡನ್ನು ಒಂದೇ ಕಡೆ ಇಡಬಲ್ಲ ಸಣ್ಣ ಬಂದೂಕು, ಕೈ ನಡುಗಿ ಗೋಡೆಗೆ ಹೋಗುವ ದೊಡ್ಡ ಗುಂಡಿಗಿಂತ ಮೇಲು.

ಆನೆ, ಕಾಡುಹಂದಿಗಳ ಭಯಕ್ಕೆ ಮಾತ್ರ ಇದು ಉತ್ತರವಲ್ಲ. ಗಾಯಗೊಂಡ ಪ್ರಾಣಿ ಇನ್ನೂ ಅಪಾಯ.

ಪ್ರಶ್ನೆ: ರೇಂಜಿನಲ್ಲಿ .22 ಕಾಡತೂಸು ಆಗಾಗ ಹಾರುವುದಿಲ್ಲ. ಅದನ್ನೇ ತಿರುಗಿಸಿ ಹಾಕಿದರೆ ಹಾರುತ್ತದೆ. ಏಕೆ ಹೀಗೆ? (ಮೈಸೂರು)

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಸೆಂಟರ್‌ಫೈರ್ ಕಾಡತೂಸಿನ ತಳದ ನಡುವೆ ಪ್ರೈಮರ್ ಎಂಬ ಬೇರೆಯೇ ಬಟ್ಟಲಿರುತ್ತದೆ. ರಿಮ್‌ಫೈರಿನಲ್ಲಿ ಆ ಬಟ್ಟಲಿಲ್ಲ. ಹೊತ್ತಿಸುವ ರಾಸಾಯನಿಕವನ್ನು ಒದ್ದೆಯಿದ್ದಾಗಲೇ ಹಾಕಿ, ಹಿತ್ತಾಳೆಯ ಕೋಶವನ್ನು ಗಿರ‍್ರನೆ ತಿರುಗಿಸಿ ಅಂಚಿನ ಟೊಳ್ಳಿಗೆ ಹರಡುತ್ತಾರೆ. ಎಲ್ಲೋ ಒಂದು ಕಡೆ ಅದು ತುಂಬದೆ ಉಳಿದಿದ್ದು, ಹ್ಯಾಮರಿನ ಪೆಟ್ಟು ದಾಟಿಸುವ ಪಿನ್ ಅಲ್ಲೇ ಬಡಿದರೆ ಬರೀ ‘ಟಕ್’. ತಿರುಗಿಸಿ ಹಾಕಿದಾಗ ತುಂಬಿದ ಭಾಗ ಪಿನ್ನಿಗೆ ಸಿಗುತ್ತದೆ. 1887ರಿಂದ ಬಂದ ಕಾಡತೂಸು ಇದು. ಅಗ್ಗವಾಗಿರುವುದೂ ಆಗಾಗ ಕೈಕೊಡುವುದೂ ಮುಖ್ಯವಾಗಿ ಈ ರಚನೆಯಿಂದಲೇ.

ಎರಡನೆಯ ಕಾರಣ ಕೊಳೆ. .22ರ ಸೀಸದ ಗುಂಡಿಗೆ ಮೇಣ ಹಚ್ಚಿರುತ್ತಾರೆ. ಮೇಣ, ಸೀಸ, ಮಸಿ ಮೂರೂ ಚೇಂಬರಿನಲ್ಲಿ (ಕಾಡತೂಸು ಕೂರುವ ಗೂಡಿನಲ್ಲಿ) ಕಟ್ಟಿಕೊಂಡರೆ ಕಾಡತೂಸು ಪೂರ್ತಿ ಒಳಗೆ ಕೂರುವುದಿಲ್ಲ. ಆಗ ಪಿನ್ನಿನ ಪೆಟ್ಟು ಅಂಚನ್ನು ಜಜ್ಜುವ ಬದಲು ಕಾಡತೂಸನ್ನು ಮುಂದಕ್ಕೆ ತಳ್ಳುವುದರಲ್ಲೇ ವ್ಯರ್ಥವಾಗುತ್ತದೆ. ನೂರೈವತ್ತು ಗುಂಡಿಗೊಮ್ಮೆ ಪ್ರತಿ ಚೇಂಬರಿಗೂ ಬ್ರಷ್ ಹಾಕಿ, ಆಮೇಲೆ ಒಣಬಟ್ಟೆಯಿಂದ ಒರೆಸಿ. ಎಣ್ಣೆ ಉಳಿಸಬೇಡಿ. ಕೋಶದ ಬಾಯಿ ಗುಂಡನ್ನು ಅಷ್ಟೇನೂ ಬಿಗಿಯಾಗಿ ಕಚ್ಚಿರುವುದಿಲ್ಲ, ಎಣ್ಣೆಯೂ ಮಳೆಗಾಲದ ತೇವವೂ ಒಳಗಿಳಿದು ಮದ್ದು ಕೆಡುತ್ತದೆ. ರಕ್ಷಣೆಗೆಂದು ತುಂಬಿಟ್ಟ ಕಾಡತೂಸುಗಳನ್ನು ಆರು ತಿಂಗಳಿಗೊಮ್ಮೆ ರೇಂಜಿನಲ್ಲಿ ಖರ್ಚು ಮಾಡಿ ಹೊಸದು ಹಾಕಿ.

ರೇಂಜಿನಲ್ಲಿ ಹಾರದಿದ್ದರೆ ಕೂಡಲೇ ತೆರೆಯಬೇಡಿ. ಗುರಿಯತ್ತಲೇ ಹಿಡಿದು 30 ಸೆಕೆಂಡು ಕಾಯಿರಿ. ಕೆಲವು ತಡವಾಗಿ ಹೊತ್ತಿಕೊಳ್ಳುತ್ತವೆ. ರಕ್ಷಣೆಗೆ ಬಳಸುವ ಬ್ರಾಂಡನ್ನು ಗೊತ್ತುಮಾಡುವ ಮುನ್ನ ನಿಮ್ಮದೇ ಬಂದೂಕಿನಲ್ಲಿ 200 ಹಾರಿಸಿ, ಹಾರದವನ್ನು ಬರೆದಿಡಿ. ನೂರಕ್ಕೆ ಒಂದಕ್ಕಿಂತ ಹೆಚ್ಚು ಕೈಕೊಟ್ಟರೆ ಬ್ರಾಂಡ್ ಬದಲಿಸಿ. ಆಗಲೂ ಹಾಗೇ ಆದರೆ ದೋಷ ಪಿನ್ನಿನದೋ ಸ್ಪ್ರಿಂಗಿನದೋ, ಗನ್‌ಸ್ಮಿತ್‌ಗೆ ತೋರಿಸಿ. ಟ್ರಿಗರ್ ಹಗುರವಾಗಲೆಂದು ಸ್ಪ್ರಿಂಗ್ ಕತ್ತರಿಸುವ ಕೆಲಸ ಮಾತ್ರ ಬೇಡವೇ ಬೇಡ.

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿದ್ದೇವೆ. ನನ್ನ ಹೆಂಡತಿಗೆ 9 ಎಂಎಂ ಒದೆತ ಹಿಡಿಸುತ್ತಿಲ್ಲ. .22 ಪಾಕೆಟ್ ಪಿಸ್ತೂಲು ಆದೀತೇ, .22 ಮ್ಯಾಗ್ನಂ ಉತ್ತಮವೇ? (ಡಲ್ಲಾಸ್)

ನಿಮಗೆ ಆಯ್ಕೆ ಹೆಚ್ಚು. ಪಿಸ್ತೂಲಿಗಿಂತ ಮೊದಲು ರಿವಾಲ್ವರ್ ನೋಡಿ. ಕಾಡತೂಸು ಕೈಕೊಟ್ಟಾಗ ರಿವಾಲ್ವರಿನಲ್ಲಿ ಟ್ರಿಗರನ್ನು ಮತ್ತೊಮ್ಮೆ ಒತ್ತಿದರೆ ಮುಂದಿನದು ಬರುತ್ತದೆ. ಪಿಸ್ತೂಲಿನಲ್ಲಾದರೆ ಮ್ಯಾಗಝಿನ್ (ಕಾಡತೂಸು ತುಂಬುವ ಪೆಟ್ಟಿಗೆ) ತಳಕ್ಕೆ ತಟ್ಟಿ, ಮೇಲೆ ಜಾರುವ ಸ್ಲೈಡ್ ಪೂರ್ತಿ ಎಳೆದು ಬಿಡಬೇಕು. ಅದಕ್ಕೆ ಎರಡೂ ಕೈ ಬೇಕು, ರೂಢಿಯೂ ಬೇಕು. ಇನ್ನೊಂದು ಕಾಟವೆಂದರೆ ಅಂಚುಗಳು ಸಿಕ್ಕಿಬೀಳುವುದು: ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಮ್ಯಾಗಝಿನ್ ಕಚ್ಚಿಕೊಳ್ಳುತ್ತದೆ. ತುಂಬುವಾಗ ಪ್ರತಿ ಹೊಸ ಕಾಡತೂಸಿನ ಅಂಚು ಕೆಳಗಿನದಕ್ಕಿಂತ ಮುಂದಿರಲಿ.

1959ರಲ್ಲಿ ವಿಂಚೆಸ್ಟರ್ ತಂದ, ಹೆಚ್ಚು ಮದ್ದಿನ .22 ಮ್ಯಾಗ್ನಂ ಕಾಡತೂಸು, ರೈಫಲಿನಲ್ಲಿ ತೋರುವ ವೇಗದಲ್ಲಿ ಬಹಳಷ್ಟನ್ನು ಎರಡಿಂಚಿನ ನಳಿಗೆಯಲ್ಲಿ ಕಳೆದುಕೊಳ್ಳುತ್ತದೆ. ಹೆಚ್ಚುವುದು ಬೆಂಕಿ ಮತ್ತು ಸದ್ದು. ಸ್ವಲ್ಪ ಲಾಭವಿದೆ, ಬೆಲೆಗೆ ತಕ್ಕಷ್ಟಿಲ್ಲ. ಹಾಲೋ ಪಾಯಿಂಟ್ (ಮೂತಿ ಟೊಳ್ಳಾದ) ಗುಂಡೂ ಬೇಡ. ಗಿಡ್ಡ ನಳಿಗೆಯ ವೇಗಕ್ಕೆ ಅದು ಅರಳುವುದು ಅನಿಶ್ಚಿತ, ಅರಳಿದರೆ ಆಳಕ್ಕೆ ಇಳಿಯದು. ಗಟ್ಟಿ ಗುಂಡೇ ಸರಿ. ಫೆಡರಲ್ ಕಂಪನಿಯ ‘ಪಂಚ್’ ಕಾಡತೂಸು ಇದೇ ಲೆಕ್ಕದಲ್ಲಿ ಮಾಡಿದ್ದು: 29 ಗ್ರೇನ್, ಚಪ್ಪಟೆ ಮೂತಿ, ನಿಕಲ್ ಲೇಪ.

ಆದರೆ ನಮ್ಮ ಸಲಹೆ ಬೇರೆ. ಒದೆತದ ದೂರು ಬಹಳ ಸಲ ಬಂದೂಕಿನ ತೂಕದ್ದು, ಕಾಡತೂಸಿನದ್ದಲ್ಲ. ಪಾಕೆಟ್ ಗಾತ್ರದ 9 ಎಂಎಂ ಕೈ ಒದೆಯುತ್ತದೆ, ದೊಡ್ಡದು ಅಷ್ಟಿಲ್ಲ. ಅವರು ಮೊದಲು ಬಾಡಿಗೆಗೆ ಸಿಗುವ ದೊಡ್ಡ ಪಿಸ್ತೂಲಿನಲ್ಲಿ 50 ಗುಂಡು ಹಾರಿಸಿ ನೋಡಲಿ.

ಪ್ರಶ್ನೆ: ಸ್ಪರ್ಧೆಗೆಂದು .22 ಪಿಸ್ತೂಲು ಇದೆ. ಮನೆ ಕಾವಲಿಗೂ ಅದನ್ನೇ ಇಡಬಹುದೇ? (ಬೆಂಗಳೂರು)

ಬೇಡ. ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು .22ರಲ್ಲೇ, ನಿಖರತೆಗೆ ಕೊರತೆಯಿಲ್ಲ. ಆದರೆ ಅಂಥ ಪಿಸ್ತೂಲಿನ ಟ್ರಿಗರ್ ಬಹಳ ಹಗುರ. ಕತ್ತಲಲ್ಲಿ ಗಾಬರಿಯ ಬೆರಳಿಗೆ ಅದು ಅಪಾಯ.

ಪ್ರಶ್ನೆ: ಕಳ್ಳ ಓಡುತ್ತಿದ್ದರೆ .22ರಿಂದ ಕಾಲಿಗೆ ಹೊಡೆಯಬಹುದೇ? ಸಣ್ಣ ಗುಂಡು ತಾನೇ? (ಹಾಸನ)

ಕಾನೂನು ಗುಂಡಿನ ಗಾತ್ರ ಕೇಳುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕಿನವು. 37ನೆಯದರ ಪ್ರಕಾರ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಬೆನ್ನು ತಿರುಗಿಸಿ ಓಡುತ್ತಿರುವವನಿಂದ ನಿಮ್ಮ ಜೀವಕ್ಕೆ ಏನು ಅಪಾಯವಿತ್ತು ಎಂದು ನ್ಯಾಯಾಲಯ ಕೇಳುತ್ತದೆ. ತೊಡೆಯಲ್ಲಿ ದೊಡ್ಡ ರಕ್ತನಾಳವಿದೆ. ‘ಕಾಲಿಗೆ ಮಾತ್ರ’ ಎಂಬುದು ಸುಳ್ಳು ಸಮಾಧಾನ. ಹೆದರಿಸಲು ಗಾಳಿಯಲ್ಲಿ ಹಾರಿಸುವುದೂ ಬೇಡ. .22 ಗುಂಡು ಒಂದು ಮೈಲಿಗೂ ಮೀರಿ ಹೋಗಬಲ್ಲದು. ಡಬ್ಬಿಯ ಮೇಲಿನ ಎಚ್ಚರಿಕೆ ಓದಿ. ಬಾಗಿಲಿಗೆ ಚಿಲಕ ಹಾಕಿಕೊಂಡು ಒಳಗೇ ಇದ್ದು 112ಕ್ಕೆ ಕರೆ ಮಾಡಿ. ಅವನು ಬಾಗಿಲು ಒಡೆದು ನಿಮ್ಮ ಮೇಲೆ ಬಿದ್ದರೆ ಆಗ ಮಾತು ಬೇರೆ.