ರೈತರ ಬಾಳು ಹಸನಾಗುವುದು ಯಾವ ದರಕ್ಕೆ?

ಪ್ರಿಯ ಸೋದರಿ,

ನೀವು ಕಳಿಸಿದ ‘ನಾಳೆಯ ವಿಮಾನಗಳು’ ಲೇಖನ ಓದಿದೆ. ಭಾಷೆ ಶುದ್ಧವಾಗಿದೆ, ಕಾಗುಣಿತದ ತಪ್ಪು ಒಂದೂ ಕಾಣಲಿಲ್ಲ. ಎಂಜಿನಿಯರಿಂಗ್ ಓದುತ್ತಾ ಕನ್ನಡದಲ್ಲಿ ಬರೆಯುವ ಮನಸ್ಸು ಮಾಡಿದ್ದೀರಿ, ಸಂತೋಷ. ಆದರೆ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸುವುದಿಲ್ಲ.

ಇಷ್ಟು ತಿಳಿಸಿ ಸುಮ್ಮನಾಗಬಹುದಿತ್ತು. ಆಗಲಿಲ್ಲ, ಯಾಕೆಂದರೆ ಲೇಖನದ ಜೊತೆ ಒಂದು ಪರಿಚಯ ಪತ್ರ ಇಟ್ಟಿದ್ದೀರಿ. ಅದರಲ್ಲಿ ಹೀಗಿದೆ: ‘ನಮ್ಮದು ಅರಸೀಕೆರೆ ಕಡೆಯ ಹಳ್ಳಿ. ತೆಂಗಿನ ತೋಟದ ಬದುವಿನಲ್ಲಿ ಹೊಂಗೆ ಮರಗಳಿವೆ. ಬೇಸಿಗೆಯಲ್ಲಿ ಅಮ್ಮ ಬೀಜ ಆಯ್ದು ಮಾರಿದ ದುಡ್ಡಿನಲ್ಲೇ ನನ್ನ ಮೊದಲ ಸೆಮಿಸ್ಟರಿನ ಪುಸ್ತಕ ಕೊಂಡಿದ್ದು.’ ಇದನ್ನು ಓದಿ ಮನಸ್ಸು ತುಂಬಿತು. ಆಮೇಲೆ ಲೇಖನದ ಏಳೂ ಪುಟ ಓದಿದೆ. ಹೊಂಗೆ ಎಲ್ಲೂ ಇಲ್ಲ, ಅಮ್ಮ ಇಲ್ಲ, ಹಾಸನವೂ ಇಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ.

ಹೈಡ್ರೋಜನ್, ಏರ್ ಟ್ಯಾಕ್ಸಿ, ಡ್ರೋನ್ ಕುರಿತ ಪುಟಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಮೂರೇ ವಾಕ್ಯಗಳನ್ನು ಎತ್ತಿಕೊಳ್ಳುತ್ತೇನೆ.

ಎರಡನೇ ಪುಟದಲ್ಲಿ: ‘ಉಪಗ್ರಹ ತಂತ್ರಜ್ಞಾನದ ನೆರವಿನಿಂದ ಮುಂದಿನ ದಿನಗಳಲ್ಲಿ ವಿಮಾನಗಳು ಸಣ್ಣ ನಿಲ್ದಾಣಗಳಲ್ಲೂ ಸುರಕ್ಷಿತವಾಗಿ ಇಳಿಯಲಿವೆ ಎನ್ನಲಾಗಿದೆ.’ ಯಾರು ಹೀಗೆಂದರು? ಮುಂದಿನ ದಿನಗಳು ಅಂದರೆ ಯಾವಾಗ? 2022ರ ಏಪ್ರಿಲ್‌ನಲ್ಲೇ ಇಂಡಿಗೋ ಕಂಪನಿಯ ಎಟಿಆರ್ ವಿಮಾನವೊಂದು ರಾಜಸ್ಥಾನದ ಕಿಶನ್‌ಗಢದಲ್ಲಿ ‘ಗಗನ್’ ಎಂಬ ಉಪಗ್ರಹ ನೆರವಿನ ವ್ಯವಸ್ಥೆಯನ್ನು ನಂಬಿಕೊಂಡೇ ಇಳಿದಿದೆ. ನಡೆದುಹೋದ ಸಂಗತಿಯನ್ನು ನೀವು ಭವಿಷ್ಯಕ್ಕೆ ತಳ್ಳಿದ್ದೀರಿ.

ಗಗನ್ ಹೇಗೆ ಕೆಲಸ ಮಾಡುತ್ತದೆ ಎಂದು ಒಂದೇ ಪ್ಯಾರಾದಲ್ಲಿ ಬರೆಯಬಹುದಿತ್ತು. ಜಿಪಿಎಸ್ ಸಂಕೇತ ಅಯಾನುಗೋಳವನ್ನು, ಅಂದರೆ ವಾತಾವರಣದ ಮೇಲಿನ ವಿದ್ಯುದಾವೇಶದ ಪದರವನ್ನು, ದಾಟಿ ಬರುವಾಗ ತಡವಾಗುತ್ತದೆ, ಲೆಕ್ಕ ಕೆಲವು ಮೀಟರ್ ತಪ್ಪುತ್ತದೆ. ನಮ್ಮದು ಸಮಭಾಜಕಕ್ಕೆ ಹತ್ತಿರದ ದೇಶವಾದ್ದರಿಂದ ಆ ತೊಂದರೆ ಇನ್ನೂ ಹೆಚ್ಚು. ದೇಶದ ಬೇರೆಬೇರೆ ಕಡೆ, ತಮ್ಮ ಜಾಗವನ್ನು ಕರಾರುವಾಕ್ಕಾಗಿ ಬಲ್ಲ ಕೇಂದ್ರಗಳು ಈ ತಪ್ಪನ್ನು ಅಳೆಯುತ್ತವೆ. ತಿದ್ದುಪಡಿಯನ್ನು ಉಪಗ್ರಹಕ್ಕೆ ಕಳಿಸಿ, ಅಲ್ಲಿಂದ ವಿಮಾನಕ್ಕೆ ಇಳಿಸುತ್ತಾರೆ. ರನ್‌ವೇ ಬಳಿ ರೇಡಿಯೊ ಸಂಕೇತದಿಂದ ವಿಮಾನ ಇಳಿಸುವ ದುಬಾರಿ ಐಎಲ್‌ಎಸ್ ಉಪಕರಣ ಇಲ್ಲದ ಊರಿನಲ್ಲೂ ಪೈಲಟ್‌ಗೆ ಇಳಿಯುವ ದಾರಿ ಸಿಗುವುದು ಹೀಗೆ. ಆ ತಿದ್ದುಪಡಿ ಹೊತ್ತು ತರುವ ಜಿಸ್ಯಾಟ್ ಸರಣಿಯ ಉಪಗ್ರಹಗಳು ಕಕ್ಷೆಯಲ್ಲಿ ತಮ್ಮ ಜಾಗ ಬಿಟ್ಟು ಕದಲದಂತೆ ಹಗಲೂ ರಾತ್ರಿ ನೋಡಿಕೊಳ್ಳುವವರು ಎಲ್ಲಿದ್ದಾರೆ ಗೊತ್ತೇ? ಇದೇ ಹಾಸನದಲ್ಲಿ, ಸಾಲಗಾಮೆ ರಸ್ತೆಯಲ್ಲಿ. 1982ರಿಂದಲೂ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ (ಎಂಸಿಎಫ್) ಅಲ್ಲಿದೆ. ನೀವು ಓದುತ್ತಿರುವುದು ಹಾಸನದಲ್ಲೇ. ಎಂಸಿಎಫ್‌ನ ಆಂಟೆನಾಗಳನ್ನು ನೋಡದೆ ಆ ರಸ್ತೆಯಲ್ಲಿ ಯಾರೂ ಓಡಾಡಲಾರರು. ಹಾಗಿದ್ದೂ ನಿಮ್ಮ ವಾಕ್ಯ ಯಾವ ಊರಿನದೂ ಅಲ್ಲ, ಯಾರದೂ ಅಲ್ಲ.

ನಾಲ್ಕನೇ ಪುಟದಲ್ಲಿ: ‘ಬ್ಯಾಟರಿಚಾಲಿತ ವಿಮಾನಗಳು ಇಂಧನದ ವೆಚ್ಚವನ್ನೇ ಇಲ್ಲವಾಗಿಸಲಿವೆ.’ ತೂಕ ಎಲ್ಲಿ? ವಿಮಾನದ ಬಗ್ಗೆ ಬರೆಯುವವರು ಕಿಲೋ ಲೆಕ್ಕ ಬಿಟ್ಟರೆ ಉಳಿಯುವುದು ಬರೀ ಆಸೆ. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12 ಕಿಲೋವ್ಯಾಟ್-ಅವರ್ ಶಕ್ತಿಯಿದೆ. ಒಂದು ಕಿಲೋ ಒಳ್ಳೆಯ ಬ್ಯಾಟರಿಯಲ್ಲಿ ಅದು ಕಾಲು ಕಿಲೋವ್ಯಾಟ್-ಅವರ್‌ನ ಆಸುಪಾಸು. ವಿದ್ಯುತ್ ಮೋಟಾರು ಶಕ್ತಿಯನ್ನು ಕಡಿಮೆ ಪೋಲು ಮಾಡುತ್ತದೆ, ನಿಜ. ಆದರೂ ಅಂತರ ಬಹಳ ದೊಡ್ಡದು. ಇಂಧನ ಉರಿದಂತೆ ವಿಮಾನ ಹಗುರವಾಗುತ್ತಾ ಹೋಗುತ್ತದೆ, ಬ್ಯಾಟರಿ ಹೊತ್ತದ್ದು ಅಷ್ಟೇ ತೂಕದಲ್ಲಿ ನೆಲಕ್ಕಿಳಿಯಬೇಕು. 2020ರಲ್ಲಿ ಯುರೋಪಿನ ಮಂಜೂರಾತಿ ಪಡೆದ ಮೊದಲ ವಿದ್ಯುತ್ ವಿಮಾನ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೋ. ಎರಡೇ ಸೀಟು, ಒಟ್ಟು ತೂಕ 600 ಕಿಲೋ, ಹೊರುವ ಭಾರ 172 ಕಿಲೋ, ಹಾರಾಟ ಹೆಚ್ಚೆಂದರೆ 50 ನಿಮಿಷ. ಪೈಲಟ್ ತರಬೇತಿಗೆ ಅದು ನಿಜಕ್ಕೂ ಒಳ್ಳೆಯ ವಿಮಾನ. ಈ ನಾಲ್ಕು ಸಂಖ್ಯೆಗಳನ್ನು ಕೊಟ್ಟಿದ್ದರೆ ಓದುಗರು ಮಿಕ್ಕಿದ್ದನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತಿದ್ದರು.

ಇನ್ನು ಐದನೇ ಪುಟ. ನನ್ನನ್ನು ನಿದ್ದೆಗೆಡಿಸಿದ ವಾಕ್ಯ: ‘ಸಸ್ಯಜನ್ಯ ತೈಲಗಳಿಂದ ವಿಮಾನಗಳು ಹಾರಲಿದ್ದು, ರೈತರ ಬಾಳು ಹಸನಾಗಲಿದೆ.’

ಮೊದಲರ್ಧದ ತಪ್ಪು ಮೇಲಿನದೇ. 2018ರ ಆಗಸ್ಟ್ 27ರಂದು ಸ್ಪೈಸ್‌ಜೆಟ್‌ನ ವಿಮಾನವೊಂದು ಡೆಹ್ರಾಡೂನಿನಿಂದ ದೆಹಲಿಗೆ ಜೈವಿಕ ಇಂಧನ ಬೆರೆಸಿಕೊಂಡು ಹಾರಿತು. ಛತ್ತೀಸಗಡದ ರೈತರ ಜತ್ರೋಫ ಬೀಜದ ಎಣ್ಣೆ ಅದು. ಡೆಹ್ರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯ ವಿಜ್ಞಾನಿಗಳು ಅದನ್ನು ವಿಮಾನ ಇಂಧನವಾಗಿಸಿದ್ದರು.

ಎರಡನೆಯ ಅರ್ಧ, ಆ ಮೂರು ಪದಗಳು, ನನಗೆ ಸಹಿಸಲಾಗಲಿಲ್ಲ. ಕಾರಣ ಹೇಳುತ್ತೇನೆ.

ನಾನು ಪತ್ರಿಕೆ ಸೇರಿದ ಹೊಸದರಲ್ಲಿ ನನ್ನನ್ನು ಹಾಕಿದ್ದು ಹಾಸನದ ಎಪಿಎಂಸಿಗೆ, ಆಲೂಗಡ್ಡೆ ಕಾಲಕ್ಕೆ. ಬೆಳಕು ಹರಿಯುವ ಮೊದಲೇ ಹೋಗಬೇಕು. ಮಳೆಗೆ ನೆನೆದ ಚೀಲ, ಕೆಸರು, ಲಾರಿಗಳ ಸಾಲು. ನಮ್ಮ ಆಗಿನ ಸಂಪಾದಕರಿಗೆ ಹರಾಜಿನ ದರ ಬರೆದು ಕೊಟ್ಟರೆ ಸಾಕಾಗುತ್ತಿರಲಿಲ್ಲ. ‘ಪಟ್ಟಿಯ ಕೊನೇ ಸಾಲು ನೋಡ್ಕೊಂಡು ಬಾರಯ್ಯ’ ಅನ್ನುತ್ತಿದ್ದರು. ಮಂಡಿಯಲ್ಲಿ ರೈತನ ಕೈಗೆ ಒಂದು ಚೀಟಿ ಕೊಡುತ್ತಾರಲ್ಲ, ಅದು. ಮೇಲೆ ಚೀಲ ಎಷ್ಟು, ದರ ಎಷ್ಟು ಎಂದಿರುತ್ತದೆ. ಕೆಳಗೆ ಹಮಾಲಿ, ಕಮಿಷನ್, ಲಾರಿ ಬಾಡಿಗೆ, ಜಲಂಧರಿನಿಂದ ತರಿಸಿದ ಬಿತ್ತನೆ ಗಡ್ಡೆಗೆ ಮೊದಲೇ ಪಡೆದ ಸಾಲ. ಎಲ್ಲಾ ಕಳೆದು ಕೊನೆಯಲ್ಲಿ ಒಂದು ಮೊತ್ತ. ದುದ್ದ ಕಡೆಯ ರೈತರೊಬ್ಬರು ಆ ಚೀಟಿಯನ್ನು ನನ್ನ ಕೈಗೇ ಕೊಟ್ಟು, ‘ನೀವೇ ಓದಿ ಸ್ವಾಮಿ, ನಂಗೆ ಕಣ್ಣು ಮಂಜು’ ಅಂದರು. ಕೊನೆಯ ಮೊತ್ತವನ್ನು ಗಟ್ಟಿಯಾಗಿ ಓದಲು ನನಗೆ ನಾಲಿಗೆ ಏಳಲಿಲ್ಲ. ಆ ಕಾಲದಲ್ಲಿ ನಮ್ಮ ಕಚೇರಿಯಲ್ಲಿ, ರೈತನ ಕೈಗೆ ಬಂದದ್ದೆಷ್ಟು ಎಂಬ ಅಂಕಿ ಇಲ್ಲದೆ ಮಾರುಕಟ್ಟೆ ವರದಿ ಅಚ್ಚಿಗೆ ಹೋಗುತ್ತಿರಲಿಲ್ಲ. ನಾನು ಕಲಿತ ಪತ್ರಿಕಾವೃತ್ತಿಯ ಬಹುಪಾಲು ಅಷ್ಟೇ, ಇಂದಿಗೂ ಅದರಿಂದಲೇ ಕೆಲಸ ಮಾಡುತ್ತೇನೆ.

ಹಾಗಾಗಿ ‘ಬಾಳು ಹಸನಾಗಲಿದೆ’ ಎಂದು ಓದಿದ ಕೂಡಲೇ ನನಗೆ ಕೇಳಬೇಕೆನಿಸುವುದು: ಹೊಂಗೆ ಬೀಜ ಈಗ ಕಿಲೋಗೆ ಎಷ್ಟು? ಕೊಳ್ಳುವವರು ಯಾರು? ಒಂದು ಮರದಿಂದ ನಿಮ್ಮ ಅಮ್ಮನಿಗೆ ಎಷ್ಟು ಸಿಗುತ್ತದೆ, ಕಾಯಿ ಒಡೆದು ಬೀಜ ಬಿಡಿಸಲು ಎಷ್ಟು ದಿನ ಕೂರುತ್ತಾರೆ? ಇದಕ್ಕೆ ಉತ್ತರ ಕೊಡಬಲ್ಲವರು ನಿಮ್ಮ ಮನೆಯಲ್ಲೇ ಇದ್ದಾರೆ.

ಲೆಕ್ಕ ಹೀಗೆ ಶುರುಮಾಡಿ. ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಮೂರರಿಂದ ನಾಲ್ಕು ಕಿಲೋ ಹೊಂಗೆ ಬೀಜ ಬೇಕು. ಉಳಿದ ಹಿಂಡಿ ತೆಂಗಿನ ಬುಡಕ್ಕೆ ಹೋಗುತ್ತದೆ, ಅದರ ಬೆಲೆಯನ್ನೂ ಸೇರಿಸಿ. ಎಣ್ಣೆಯನ್ನು ಹಾಗೇ ವಿಮಾನಕ್ಕೆ ತುಂಬುವಂತಿಲ್ಲ. ಮೇಲೆ ಹೊರಗಿನ ಚಳಿ ಶೂನ್ಯಕ್ಕಿಂತ 50 ಡಿಗ್ರಿ ಕೆಳಗಿರುತ್ತದೆ, ಎಣ್ಣೆ ಹೆಪ್ಪುಗಟ್ಟುತ್ತದೆ. ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಿ, ಆಮ್ಲಜನಕ ತೆಗೆದು, ಅಣುಗಳನ್ನು ಒಡೆದು ಮರುಜೋಡಿಸಬೇಕು. ಅಲ್ಲಿ ಮತ್ತಷ್ಟು ನಷ್ಟ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಎ320 ವಿಮಾನ ಸುಮಾರು ಆರು ಟನ್ ಇಂಧನ ಸುಡುತ್ತದೆ. ಆ ನಷ್ಟ ಬಿಟ್ಟು ನೋಡಿದರೂ, ಅಷ್ಟನ್ನೂ ಹೊಂಗೆಯಿಂದಲೇ ತೆಗೆಯಲು 250 ಕ್ವಿಂಟಲ್‌ನಷ್ಟು ಬೀಜ ಬೇಕು. ನೂರಕ್ಕೆ ಒಂದು ಪಾಲು ಬೆರೆಸುವುದಾದರೆ ಎರಡೂವರೆ ಕ್ವಿಂಟಲ್. ಅಂತರರಾಷ್ಟ್ರೀಯ ಹಾರಾಟಗಳಿಗೆ ಕೇಂದ್ರ ಸರ್ಕಾರ ಇಟ್ಟುಕೊಂಡ ಗುರಿ 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5. 250 ಕ್ವಿಂಟಲ್ ಎಂಬ ಅಂಕಿ ನೋಡಿದರೆ ಎದೆಗುಂದುತ್ತದೆ, ಎರಡೂವರೆ ಕ್ವಿಂಟಲ್ ಎಂಬುದನ್ನು ನೋಡಿದರೆ ಆಸೆ ಹುಟ್ಟುತ್ತದೆ. ಓದುಗರಿಗೆ ಎರಡನ್ನೂ ಕೊಡಿ.

ಆಸೆಗೆ ಅಡ್ಡಿ ಯಾವುದು ಎಂಬುದನ್ನೂ ಬರೆಯಿರಿ. ಪಾಣಿಪತ್‌ನ ಇಂಡಿಯನ್ ಆಯಿಲ್ ಸಂಸ್ಕರಣಾಗಾರ 2025ರಲ್ಲಿ ವಿಮಾನ ಇಂಧನಕ್ಕೆ ಪ್ರಮಾಣಪತ್ರ ಪಡೆದದ್ದು ಹೋಟೆಲುಗಳಲ್ಲಿ ಕರಿದು ಉಳಿದ ಅಡುಗೆ ಎಣ್ಣೆಯಿಂದ ಮಾಡಿದ್ದಕ್ಕೆ. ಅದು ಒಂದೇ ಕಡೆ ರಾಶಿಯಾಗಿ ಸಿಗುತ್ತದೆ. ಬದುವಿನ ಹೊಂಗೆಯನ್ನು ಮನೆಮನೆಯಿಂದ ಕೂಡಿಸಬೇಕು. ಹಾಸನ ತಾಲೂಕಿನ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರ ಜೈವಿಕ ಇಂಧನ ಉದ್ಯಾನವಿದೆ. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಬೆಳೆಸಿ, ರೈತರಿಗೆ ಇದನ್ನೇ ವರ್ಷಗಳಿಂದ ತಿಳಿಸಿಕೊಡುತ್ತಾ ಬಂದಿದ್ದಾರೆ. ಒಂದು ದಿನ ಹೋಗಿ ಬನ್ನಿ. ಬೀಜ ಕೂಡಿಸುವ ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ಅವರನ್ನೇ ಕೇಳಿ.

ಲೇಖನವನ್ನು ಹೊಸದಾಗಿ ಬರೆಯಿರಿ. ಏಳು ಪುಟ ಬೇಡ, ಮೂರು ಸಾಕು. ಹೊಂಗೆ ಒಂದೇ ವಿಷಯ. ಗಗನ್ ಕುರಿತು ಬೇರೆ ಲೇಖನ ಬರೆಯುವಿರಾದರೆ ಅದನ್ನೂ ಓದುತ್ತೇನೆ. ಅಮ್ಮನ ಹೆಸರು ಹಾಕುವುದು ಬಿಡುವುದು ಅವರಿಷ್ಟ, ಕೇಳಿ ಹಾಕಿ. ಬೀಜ ಕೊಳ್ಳುವ ವ್ಯಾಪಾರಿ ದರ ಹೇಳಲು ಹಿಂದೆಮುಂದೆ ನೋಡಿದರೆ ನನಗೊಂದು ಫೋನ್ ಮಾಡಿ, ನಮ್ಮ ಅರಸೀಕೆರೆ ವರದಿಗಾರರನ್ನು ಜೊತೆಗೆ ಕಳಿಸುತ್ತೇನೆ.

ಇಂತಿ,
ಸಂಪಾದಕ