ಪಕ್ಕದ ಜಮೀನಿಗೆ ಪಿಯುಡಿ ಅರ್ಜಿ ಬಿದ್ದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಮೆರಿಕದಲ್ಲಿ ನಮ್ಮ ಮನೆಯ ಹಿಂದೆ 40 ಎಕರೆ ಖಾಲಿ ಜಮೀನಿದೆ. ಅಲ್ಲಿ ‘ಪಿಯುಡಿ’ ಬರಲಿದೆ, ವಿಚಾರಣೆಗೆ ಬನ್ನಿ ಎಂದು ನಗರಾಡಳಿತದ ಪತ್ರ ಬಂದಿದೆ. ಏನಿದು? ಹೋಗಿ ಏನು ಕೇಳಬೇಕು?

ಉತ್ತರ: ಪಿಯುಡಿ ಅಂದರೆ ಪ್ಲಾನ್ಡ್ ಯೂನಿಟ್ ಡೆವಲಪ್‌ಮೆಂಟ್. ಮಾಮೂಲಿ ಝೋನಿಂಗ್‌ನಲ್ಲಿ, ಅಂದರೆ ಎಲ್ಲಿ ಏನು ಕಟ್ಟಬಹುದೆಂಬ ಊರಿನ ನಿಯಮದಲ್ಲಿ, ಪ್ರತಿ ಸೈಟಿಗೂ ಒಂದೇ ಕಟ್ಟುಪಾಡು: ಇಷ್ಟು ಅಗಲ, ರಸ್ತೆಯಿಂದ ಇಷ್ಟು ಅಡಿ ಬಿಡಬೇಕು, ಇಂಥದ್ದನ್ನೇ ಕಟ್ಟಬೇಕು. ಪಿಯುಡಿಯಲ್ಲಿ ಇಡೀ ಜಮೀನನ್ನು ಒಟ್ಟಾಗಿ ನೋಡುತ್ತಾರೆ. ಮನೆಗಳನ್ನು ಒಂದು ಕಡೆ ಒತ್ತಾಗಿ ಕಟ್ಟಿ ಉಳಿದದ್ದನ್ನು ಬಯಲು ಬಿಡಬಹುದು. ನಡುವೆ ನಾಲ್ಕು ಅಂಗಡಿಯೂ ಬರಬಹುದು. ಊರು ನಿಯಮ ಸಡಿಲಿಸುತ್ತದೆ, ಬದಲಿಗೆ ಬಿಲ್ಡರ್ ಏನಾದರೂ ಕೊಡಬೇಕು. ಆ ‘ಏನಾದರೂ’ ಲಿಖಿತವಾಗಿ ಇದೆಯೇ ಎಂಬುದನ್ನೇ ನೀವು ನೋಡಬೇಕಾದ್ದು. ವಿಚಾರಣೆಯಲ್ಲಿ ತೋರಿಸುವ ಬಣ್ಣದ ಚಿತ್ರಗಳು ಷರತ್ತಿನ ಭಾಗವಾಗದಿದ್ದರೆ ಯಾರನ್ನೂ ಕಟ್ಟಿಹಾಕುವುದಿಲ್ಲ.

ಮೊದಲು ಮನೆಗಳ ಲೆಕ್ಕ ಕೇಳಿ. ಎಕರೆಗೆ 4 ಮನೆ ಎಂದರೆ 40 ಎಕರೆಗೆ 160. ಆದರೆ ಜೌಗು ಮತ್ತು ನೆರೆ ನೀರು ನುಗ್ಗುವ ಜಾಗ 8 ಎಕರೆ, ರಸ್ತೆಗೆ 6 ಎಕರೆ ಎಂದಿಟ್ಟುಕೊಂಡು ಕಳೆದರೆ ಉಳಿಯುವುದು 26 ಎಕರೆ, ಅಂದರೆ 104 ಮನೆ. ಯಾವ ಲೆಕ್ಕ ಹಿಡಿಯಬೇಕೆಂಬುದು ಊರೂರಿಗೂ ಬೇರೆ, ಅಲ್ಲಿನ ಝೋನಿಂಗ್ ನಿಯಮದಲ್ಲೇ ಬರೆದಿರುತ್ತದೆ. ಹೇಗೂ ಕಟ್ಟಲಾಗದ ಜೌಗನ್ನೇ ‘ಬಯಲು ಬಿಟ್ಟುಕೊಟ್ಟೆವು’ ಎಂದು ತೋರಿಸುವ ಚಾಳಿಯೂ ಉಂಟು.

ಅರ್ಜಿ ಸಾಮಾನ್ಯವಾಗಿ ಹೀಗೆ ಸಾಗುತ್ತದೆ: ಅಧಿಕಾರಿಗಳೊಂದಿಗೆ ಪೂರ್ವಭಾವಿ ಮಾತುಕತೆ, ಪ್ರಾಥಮಿಕ ನಕ್ಷೆ, ಪ್ಲಾನಿಂಗ್ ಕಮಿಷನ್ (ಯೋಜನೆಗಳನ್ನು ಪರಿಶೀಲಿಸುವ ಊರಿನ ಸಮಿತಿ) ವಿಚಾರಣೆ, ಕೌನ್ಸಿಲ್ (ನಗರಸಭೆ) ಮತದಾನ, ಕೊನೆಗೆ ಅಂತಿಮ ನಕ್ಷೆ. ಮಾತಾಡುವುದಿದ್ದರೆ ಪ್ರಾಥಮಿಕ ನಕ್ಷೆಯ ಹೊತ್ತಿಗೇ ಮಾತಾಡಿ. ಅಂತಿಮ ನಕ್ಷೆ ಬರುವಾಗ, ಅದು ಮೊದಲಿನದಕ್ಕೆ ಹೊಂದುತ್ತದೆಯೇ ಎಂದಷ್ಟೇ ನೋಡುತ್ತಾರೆ; ಮನೆ ಸಂಖ್ಯೆಯ ತಕರಾರಿಗೆ ಆಗ ಬೆಲೆಯಿಲ್ಲ.

ಹೆಚ್ಚಾಗಿ ಎಡವುವುದು ಕಟ್ಟುವ ಕೆಲಸದ ಹಂತಗಳಲ್ಲಿ. ಪಾರ್ಕು, ಕಾಲುದಾರಿ ಕೊನೆಯ ಹಂತಕ್ಕೆ ಎಂದಿರುತ್ತದೆ. ಮೊದಲೆರಡು ಹಂತದ ಮನೆ ಮಾರಾಟವಾದ ಮೇಲೆ ಮಾರುಕಟ್ಟೆ ಕುಸಿದರೆ ಮೂರನೆಯದು ಬರುವುದೇ ಇಲ್ಲ. ‘ಪಾರ್ಕ್ ಮುಗಿಯದೆ 50ನೇ ಮನೆಗೆ ಕಟ್ಟಡ ಪರವಾನಗಿ ಕೊಡಕೂಡದು’ ಎಂಬಂಥ ಷರತ್ತು ಹಾಕಿಸಿ. ರಸ್ತೆ, ಚರಂಡಿಗೆ ಬಿಲ್ಡರ್‌ನಿಂದ ಬಾಂಡ್ (ಕೆಲಸ ಮುಗಿಸುವ ಹಣದ ಖಾತರಿ) ಪಡೆದಿದ್ದಾರೆಯೇ, ಸಣ್ಣ ಬದಲಾವಣೆ ಎಂಬ ಹೆಸರಲ್ಲಿ ಅಧಿಕಾರಿ ಎಷ್ಟರವರೆಗೆ ತಾನೇ ಒಪ್ಪಬಹುದು, ಕೆಲಸ ಶುರುವಾಗದಿದ್ದರೆ ಮಂಜೂರಾತಿ ಯಾವಾಗ ರದ್ದಾಗುತ್ತದೆ, ಇವನ್ನೂ ಕೇಳಿ.

ಪ್ರಶ್ನೆ: ಒಬ್ಬರ ಜಮೀನಿಗೆ ಮಾತ್ರ ಬೇರೆ ನಿಯಮ ಮಾಡುವುದು ಕಾನೂನಿಗೆ ವಿರುದ್ಧವಲ್ಲವೇ? ತಡೆಯಲು ದಾರಿಯಿದೆಯೇ?

ಉತ್ತರ: ಈ ವಾದ ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಎಂಬ ಪುಟ್ಟ ಊರಿನ ಪಿಯುಡಿ ವಿಷಯದಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1968ರಲ್ಲಿ ಬಿದ್ದುಹೋಯಿತು. ಹಾಗಾಗಿ ಪಿಯುಡಿ ಎಂಬುದೇ ತಪ್ಪು ಎನ್ನುವ ದಾರಿ ಹಿಡಿಯಬೇಡಿ.

ನಿಮ್ಮೂರಿನಲ್ಲಿ ಪಿಯುಡಿ ಎಂದರೆ ಝೋನಿಂಗ್ ಬದಲಾವಣೆಯೋ, ಬರೀ ಷರತ್ತುಬದ್ಧ ಪರವಾನಗಿಯೋ ತಿಳಿದುಕೊಳ್ಳಿ. ಬದಲಾವಣೆಯಾದರೆ ಕೌನ್ಸಿಲ್‌ನದು ರಾಜಕೀಯ ತೀರ್ಮಾನ, ನೆರೆಯವರ ಸಂಖ್ಯೆಗೆ ತೂಕವಿದೆ. ಹೊಂದಿಕೊಂಡಿರುವ ಜಮೀನಿನಲ್ಲಿ ಶೇ. 20ರಷ್ಟು ವಿಸ್ತೀರ್ಣದ ಮಾಲೀಕರು ಲಿಖಿತವಾಗಿ ವಿರೋಧಿಸಿದರೆ ಕೌನ್ಸಿಲ್‌ನ ನಾಲ್ಕರಲ್ಲಿ ಮೂರು ಪಾಲು ಮತ ಬೇಕು ಎಂದು, ರಾಜ್ಯಗಳು ಅನುಸರಿಸಲೆಂದು 1920ರ ದಶಕದಲ್ಲಿ ಬರೆದ ಮಾದರಿ ಝೋನಿಂಗ್ ಕಾಯ್ದೆಯಲ್ಲಿತ್ತು. ಅದರ ನೆರಳು ಕೆಲವು ರಾಜ್ಯಗಳಲ್ಲಿ ಇಂದಿಗೂ ಇದೆ. ಪರವಾನಗಿಯಾದರೆ ನೂರು ಸಹಿಗಿಂತ ಒಂದು ಸಂಚಾರ ಸಮೀಕ್ಷೆ ಮೇಲು: ನಿಯಮದ ಯಾವ ಅಂಶಕ್ಕೆ ಯೋಜನೆ ಹೊಂದುತ್ತಿಲ್ಲ ಎಂಬುದನ್ನು ಪುರಾವೆ ಸಮೇತ ತೋರಿಸಬೇಕು.

ಪ್ರಶ್ನೆ: ನಮ್ಮ ಗೃಹಸಾಲದ ಕಾಗದದಲ್ಲಿ ‘ಪಿಯುಡಿ ರೈಡರ್’ ಎಂದಿದೆ. ಇದೂ ಅದೇನಾ?

ಉತ್ತರ: ಹೆಸರು ಒಂದೇ, ಸಂಗತಿ ಬೇರೆ. ರೈಡರ್ ಅಂದರೆ ಸಾಲಪತ್ರಕ್ಕೆ ಲಗತ್ತಿಸುವ ಹೆಚ್ಚುವರಿ ಷರತ್ತುಗಳು. ಸಾಲ ಕೊಡುವವರ ಭಾಷೆಯಲ್ಲಿ ಪಿಯುಡಿ ಎಂದರೆ ನಿಮ್ಮ ಮನೆ ಕಡ್ಡಾಯ ಸದಸ್ಯತ್ವದ ಮನೆಮಾಲೀಕರ ಸಂಘಕ್ಕೆ ಸೇರಿದೆ ಎಂದರ್ಥ. ಸಂಘದ ವಂತಿಗೆ ಬಾಕಿ ಉಳಿಸಿದರೆ ಸಾಲದ ಕರಾರನ್ನೂ ಮುರಿದಂತಾಗುತ್ತದೆ.