ಟಾಪ್ ಎಂಡ್ ಪಿಕಪ್ ಜಾಸ್ತಿ ಲೋಡ್ ಹೊರುತ್ತಾ?

ಪ್ರಶ್ನೆ: ನನ್ನದು ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಕೆಲಸ. ಡಬಲ್ ಕ್ಯಾಬ್ ಪಿಕಪ್ ತಗೋಬೇಕು ಅಂತಿದ್ದೇನೆ. ಸ್ಪೀಕರ್, ಕೇಬಲ್, ಸ್ಟ್ಯಾಂಡ್ ಹಿಂದೆ. ಒಳಗೆ ನಾನು, ನಾಲ್ಕು ಜನ ಹುಡುಗರು. ಕೆಲವೊಮ್ಮೆ ಟ್ರೇಲರ್ ಮೇಲೆ ಜನರೇಟರ್ ಎಳೆಯಬೇಕು. ಬೇಸ್, ಮಿಡ್, ಟಾಪ್ ಮೂರರಲ್ಲೂ ಇಂಜಿನ್ ಒಂದೇ. ಷೋರೂಮಿನವರು ಮಾತ್ರ "ಟಾಪ್ ಎಂಡೇ ತಗೊಳ್ಳಿ ಸಾರ್, ಅದೇ ಗಟ್ಟಿ" ಅಂತಾರೆ. ಹೌದಾ?

ಉತ್ತರ: ಇಲ್ಲ. ಇಂಜಿನ್, ಛಾಸಿ ಒಂದೇ ಆಗಿದ್ದರೆ ಟಾಪ್ ಎಂಡ್ ಎಷ್ಟೋ ಸಲ ಬೇಸ್‌ಗಿಂತ ಕಡಿಮೆ ಲೋಡ್ ಹೊರುತ್ತದೆ. ತುಂಬಿದ ಗಾಡಿಯ ತೂಕಕ್ಕೆ ಕಂಪನಿ ಒಂದು ಮಿತಿ ಹಾಕಿರುತ್ತದೆ. ಅದರಲ್ಲಿ ಖಾಲಿ ಗಾಡಿಯ ತೂಕ ಕಳೆದರೆ ಉಳಿಯುವುದೇ ಪೇಲೋಡ್. ಪವರ್ ಸೀಟು, ದೊಡ್ಡ ಚಕ್ರ, ಸೈಡ್ ಸ್ಟೆಪ್, ಸ್ಪೋರ್ಟ್ಸ್ ಬಾರ್ ಎಲ್ಲವೂ ಆ ಪೇಲೋಡನ್ನೇ ತಿನ್ನುತ್ತವೆ.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ. ಮಿತಿ 3000 ಕೆ.ಜಿ. ಖಾಲಿ ತೂಕ ಬೇಸ್‌ಗೆ 1950, ಟಾಪ್‌ಗೆ 2100. ಪೇಲೋಡ್ 1050 ಮತ್ತು 900 ಆಯಿತು. ಐದು ಜನ, ತಲೆಗೆ 75ರಂತೆ 375. ಜನರೇಟರ್ ಸೇರಿ ಟ್ರೇಲರ್ 1500 ಕೆ.ಜಿ. ಇದ್ದರೆ ಅದರಲ್ಲಿ ಸುಮಾರು ಶೇ 10, ಅಂದರೆ 150 ಕೆ.ಜಿ., ಟ್ರೇಲರ್ ಸಿಕ್ಕಿಸುವ ಗಾಡಿಯ ಹಿಂದಿನ ಕೊಕ್ಕೆಯ ಮೇಲೆ ಒತ್ತುತ್ತದೆ. ಅದನ್ನೂ ಪೇಲೋಡ್‌ನಲ್ಲೇ ಕಳೆಯಬೇಕು. ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ಈಗ ಸಾಮಾನಿಗೆ ಬೇಸ್‌ನಲ್ಲಿ ಉಳಿದದ್ದು 525, ಟಾಪ್‌ನಲ್ಲಿ 375. ಐವತ್ತು ಕೆ.ಜಿ.ಯ ಬಾಸ್ ಬಾಕ್ಸ್ ಆದರೆ ಮೂರು ಕಡಿಮೆ!

ರೇಟು ಏರಿದಂತೆ ಶಕ್ತಿ ಏರುವುದಿಲ್ಲ ಅನ್ನುವುದಕ್ಕೆ ಫೋರ್ಡ್ ರೇಂಜರ್ ನೋಡಿ. ಹಲವು ದೇಶಗಳಲ್ಲಿ ಮಾಮೂಲಿ ರೇಂಜರ್ 3500 ಕೆ.ಜಿ. ಟ್ರೇಲರ್ ಎಳೆಯುತ್ತದೆ. ಅದರದೇ ದುಬಾರಿ ವೇರಿಯಂಟ್ ರಾಪ್ಟರ್‌ಗೆ 2500 ಮಾತ್ರ. ಅದರ ಹಿಂದಿನ ಕಾಯಿಲ್ ಸ್ಪ್ರಿಂಗ್ ಸಸ್ಪೆನ್ಷನ್ ಕಚ್ಚಾ ರಸ್ತೆಯಲ್ಲಿ ಜೋರಾಗಿ ಓಡಿಸಲಿಕ್ಕೆ ಮಾಡಿದ್ದು, ಲೋಡಿಗಲ್ಲ. ಇನ್ನೊಂದು ವಿಷಯ. ಈ 3500 ಬ್ರೇಕ್ ಇರುವ ಟ್ರೇಲರ್‌ನ ಲೆಕ್ಕ. ಬ್ರೇಕ್ ಇಲ್ಲದಿದ್ದರೆ ಸಾಮಾನ್ಯವಾಗಿ 750ಕ್ಕೆ ಇಳಿಯುತ್ತದೆ. ಗಾಡಿ, ಟ್ರೇಲರ್ ಸೇರಿಸಿದ ತೂಕಕ್ಕೂ ಬೇರೆ ಮಿತಿ ಇದೆ. ಫುಲ್ ಪೇಲೋಡ್, ಫುಲ್ ಟ್ರೇಲರ್ ಎರಡೂ ಒಟ್ಟಿಗೆ ಆಗುತ್ತದೆ ಅಂದುಕೊಳ್ಳಬೇಡಿ.

ಷೋರೂಮಿಗೆ ಹೋಗುವಾಗ ಟೇಪ್ ಜೇಬಲ್ಲಿರಲಿ. ಟಾಪ್ ಎಂಡ್‌ನಲ್ಲಿ ಹಿಂದೆ ಸಾಮಾನು ಹಾಕುವ ತೊಟ್ಟಿಯ ಮೇಲೆ ರೋಲರ್ ಶಟರ್ ಕೊಟ್ಟಿದ್ದರೆ ಅದನ್ನು ಪೂರ್ತಿ ಸುತ್ತಿಸಿ ನೋಡಿ. ಶಟರ್ ಸುತ್ತಿಕೊಳ್ಳುವ ಡಬ್ಬಿ ಕ್ಯಾಬಿನ್‌ಗೆ ಅಂಟಿಕೊಂಡು ತೊಟ್ಟಿಯೊಳಗೇ ಇರುತ್ತದೆ. ಸ್ಪೀಕರ್ ನಿಲ್ಲಿಸಬೇಕಾದ ಮೂಲೆಯೇ ಹೋಯಿತು ಅಲ್ವಾ? ಚಕ್ರದ ಉಬ್ಬುಗಳ ನಡುವಿನ ಅಗಲ ಅಳೆಯಿರಿ. ನಿಮ್ಮ ಅತಿ ದೊಡ್ಡ ಬಾಕ್ಸ್ ಅಲ್ಲಿ ಕೂರಬೇಕು. ಹಗ್ಗ ಕಟ್ಟುವ ಹುಕ್ಕುಗಳನ್ನೂ ಎಣಿಸಿ, ಎಳೆದು ನೋಡಿ.

ಹಾಗಂತ ಕಣ್ಣುಮುಚ್ಚಿ ಬೇಸ್ ತಗೊಳ್ಳಿ ಅನ್ನಲ್ಲ. ಹಿಂದಿನ ಕ್ಯಾಮೆರಾ ಇಲ್ಲದೆ ಒಬ್ಬರೇ ಟ್ರೇಲರ್ ಕೊಕ್ಕೆ ಸಿಕ್ಕಿಸುವುದು ಕಷ್ಟ. ರಾತ್ರಿ ಕೆಲಸ ಮುಗಿಸಿ ಐದು ಜನ ವಾಪಸ್ ಬರುತ್ತೀರಿ, ಏರ್‌ಬ್ಯಾಗ್ ಮತ್ತು ಸ್ಟೆಬಿಲಿಟಿ ಕಂಟ್ರೋಲ್‌ನಲ್ಲಿ (ಗಾಡಿ ಜಾರಿದಾಗ ತಾನೇ ಹಿಡಿತಕ್ಕೆ ತರುವ ವ್ಯವಸ್ಥೆ) ಮಾತ್ರ ಜುಗ್ಗತನ ಬೇಡ. ಇವು ಬೇಸ್‌ನಲ್ಲಿ ಬರದಿದ್ದರೆ ಮಿಡ್‌ಗೆ ಹೋಗಿ. ಮೈದಾನದ ಕೆಸರಿಗೆ ಇಳಿಯುವುದಿದ್ದರೆ ಲೋ ರೇಂಜ್ (ನಿಧಾನಕ್ಕೆ ಜೋರಾಗಿ ಎಳೆಯುವ ಗೇರು) ಇರುವ ಫೋರ್ ವೀಲ್ ಡ್ರೈವ್, ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಎರಡಕ್ಕೂ ದುಡ್ಡು ಹಾಕಬಹುದು. ಲೆದರ್ ಸೀಟು, 20 ಇಂಚಿನ ಚಕ್ರ ನಿಮಗೆ ಸುಮ್ನೆ ಖರ್ಚು. ಚಕ್ರ ದೊಡ್ಡದಾಗಿ ಟೈರಿನ ಪಕ್ಕದ ಎತ್ತರ ಕಡಿಮೆಯಾದಷ್ಟೂ ಲೋಡ್ ಗಾಡಿ ಗುಂಡಿಗೆ ಬಿದ್ದಾಗ ರಿಮ್ಮಿಗೆ ಪೆಟ್ಟು ಜಾಸ್ತಿ.

ನೀವು ಹೇಳಿದ ಕೆಲಸಕ್ಕೆ ನನ್ನ ಓಟು ಮಿಡ್ ವೇರಿಯಂಟ್‌ಗೆ, ಕಂಪನಿಯದೇ ಟೋ ಕಿಟ್ (ಟ್ರೇಲರ್ ಎಳೆಯುವ ಕೊಕ್ಕೆಯ ಸೆಟ್) ಹಾಕಿಸಿ. ಅಡ್ವಾನ್ಸ್ ಕೊಡುವ ಮುಂಚೆ ಅದೇ ವೇರಿಯಂಟಿನ ಖಾಲಿ ತೂಕ, ಪೇಲೋಡ್, ಕೊಕ್ಕೆಯ ಮೇಲಿನ ಭಾರದ ಮಿತಿ ಮೂರನ್ನೂ ಬರವಣಿಗೆಯಲ್ಲಿ ಕೇಳಿ ತಗೊಳ್ಳಿ.